ಎರಡು ಬೆರಳು ಎಡಕ್ಕೆ

"ಬಸ್ ನಿಲ್ದಾಣದ ದಾರಿ ಬೇಡ," ಎಂದು ಆಕೆ ಶವದ ವ್ಯಾನಿನ ಬಾಗಿಲನ್ನು ಬಿಗಿಯಾಗಿ ಹಿಡಿದುಕೊಂಡಳು. "ಸುತ್ತಿ ಹೋದ್ರೂ ಪರವಾಗಿಲ್ಲ."

ಚಾಲಕ ಆಕೆಯ ಮಗಳ ಮುಖ ನೋಡಿದ.

"ಅಪ್ಪ ಚಿತ್ರ ಬರೆದ ಕೊನೇ ಗೋಡೆ ಅಮ್ಮಾ ಅದು," ಎಂದಳು ಮಗಳು. "ಅಲ್ಲಿ ಐದು ನಿಮಿಷ ನಿಲ್ಲಿಸ್ದೆ ಹೋದ್ರೆ ಜನ ಏನಂತಾರೆ?"

ಜನ ಏನನ್ನುತ್ತಾರೋ ಎಂಬುದೇ ಆಕೆಯ ಎದೆಯನ್ನು ಮೂರು ದಿನದಿಂದ ಕೊರೆಯುತ್ತಿತ್ತು. ಒಳಗೆ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಎಷ್ಟು ಉಜ್ಜಿದರೂ ಅವನ ಉಗುರಿನ ಸಂದಿಯ ನೀಲಿ ಬಣ್ಣ ಹೋಗಿರಲಿಲ್ಲ. ಆಕೆ ಆ ಉಗುರುಗಳನ್ನೇ ಸವರುತ್ತ ಕೂತಳು. ವ್ಯಾನು ನಿಲ್ದಾಣದ ಕಡೆಗೇ ಹೊರಟಿತು.

* * *

ಮೂವತ್ತೊಂದು ವರ್ಷ ಅವನು ಗೋಡೆಯ ಮೇಲಿದ್ದ, ಆಕೆ ಕೆಳಗಿದ್ದಳು. ಅವನು ಬರೆಯುತ್ತಿದ್ದುದು ಕಣ್ಣಿಗೆ ಮಂಕುಬೂದಿ ಎರಚುವ ಚಿತ್ರ. ಕಾಗದದ ಮೇಲೆ ಚೌಕಳಿ ಎಳೆದು ಚಿಕ್ಕದಾಗಿ ಬರೆದುಕೊಂಡು, ಆ ಚೌಕಗಳನ್ನೇ ಗೋಡೆ, ಕಂಬ, ಮೂಲೆ ಎನ್ನದೆ ಹಿಗ್ಗಿಸಿ, ಸೊಟ್ಟಗೆ ಜಗ್ಗಿ ಬಣ್ಣ ತುಂಬುತ್ತಿದ್ದ. ಹತ್ತಿರ ಹೋದರೆ ಬರೀ ವಕ್ರ ಪಟ್ಟೆಗಳು. ನೆಲದ ಮೇಲೆ ಗುರುತು ಹಾಕಿದ ಒಂದೇ ಒಂದು ಜಾಗದಲ್ಲಿ ನಿಂತು ಒಂದು ಕಣ್ಣು ಮುಚ್ಚಿದರೆ ಮಾತ್ರ ಎಲ್ಲ ಗೆರೆಯೂ ಕೂಡಿಕೊಂಡು, ಗೋಡೆಯೊಳಗೆ ಓಣಿ ತೆರೆಯುತ್ತಿತ್ತು, ನದಿ ಹರಿಯುತ್ತಿತ್ತು. ಅಟ್ಟಣಿಗೆಯ ಮೇಲಿದ್ದವನಿಗೆ ಅದು ಕಾಣುವ ಹಾಗಿರಲಿಲ್ಲ. ಆ ಜಾಗದಲ್ಲಿ ನಿಂತು ಅವನಿಗೆ ಕಣ್ಣಾದವಳು ಆಕೆ.

"ಎರಡು ಬೆರಳು ಎಡಕ್ಕೆ!"

"ಒಂದೂವರೆ ಸಾಕು ಕಣೇ!"

"ಎರಡು ಅಂದ್ರೆ ಎರಡು!"

ಬೀದಿಯವರು ಆಕೆಗೆ ಕೂಗಮ್ಮ ಎಂದು ಹೆಸರಿಟ್ಟಿದ್ದರು.

ಹೋದ ವರ್ಷ ಆಕೆಯ ಆ ಕಣ್ಣಿಗೆ ಪೊರೆ ಬಂತು. ಮೊದಲು ಗೆರೆಗಳ ಅಂಚು ಹೋಯಿತು, ಆಮೇಲೆ ಗೆರೆಗಳೇ. ಇನ್ನೊಂದು ಕಣ್ಣು ಹುಟ್ಟಿನಿಂದಲೇ ಮಂದ. ಹೇಳಿದರೆ ಬೇರೆ ಯಾರನ್ನೋ ಆ ಜಾಗದಲ್ಲಿ ನಿಲ್ಲಿಸಿಯಾನು ಎಂದು ಹೇಳಲಿಲ್ಲ. ನಿಲ್ದಾಣದ ಗೋಡೆಗೆ ಮುಗಿಲಿಗೇರುವ ಮೆಟ್ಟಿಲು ಬರೆಯುವಾಗ ಎಂಟು ತಿಂಗಳೂ ಅಂದಾಜಿನ ಮೇಲೆ ಕೂಗಿದಳು. ಅವನು ಒಮ್ಮೆಯೂ ಜಗಳಕ್ಕೆ ಬರಲಿಲ್ಲ. "ಆಯ್ತು," ಎನ್ನುತ್ತಿದ್ದ. ಆ "ಆಯ್ತು" ಕೇಳಿದಾಗಲೆಲ್ಲ ಆಕೆ ಇನ್ನೂ ಜೋರಾಗಿ ಕೂಗುತ್ತಿದ್ದಳು. ಗೋಡೆ ಮುಗಿದ ಮಾರನೇ ದಿನ ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. ಹೇಳಿಬಿಡೋಣ ಎಂದು ಆಕೆ ಅಂದುಕೊಂಡಿದ್ದು ಆವತ್ತೇ.

* * *

ವ್ಯಾನು ನಿಂತಿತು. ಅಟ್ಟಣಿಗೆ ಬಿಚ್ಚಿ ಎರಡು ದಿನವಾಗಿತ್ತು. ಆಕೆಗೆ ಕಂಡದ್ದು ಕಲಸಿಟ್ಟ ಬಣ್ಣ ಮಾತ್ರ.

ಮೊದಲು ಇಳಿದವನು ಮೈದುನ. "ಅಣ್ಣ ಆಯಸ್ಸೆಲ್ಲ ಸುಣ್ಣ ಬಳಿದ" ಎಂದು ನೆಂಟರೆದುರು ನಗುತ್ತಿದ್ದವನು. ಅವನು ಹೋಗಿ ಗುರುತಿನ ಮೇಲೆ ನಿಂತ. ಒಂದು ಕಣ್ಣು ಮುಚ್ಚಿದ. ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೂವತ್ತೊಂದು ವರ್ಷದ ಹೆಸರನ್ನು ನನ್ನ ಕೈಯಾರೆ ಮಣ್ಣುಪಾಲು ಮಾಡಿದೆ ಎಂದುಕೊಂಡಳು.

"ಹತ್ಕೊಂಡು ಹೋಗ್ಬಹುದು," ಎಂದ ಮೈದುನ. "ಅತ್ತಿಗೆ, ದೇವರಾಣೆ, ಕಾಲಿಟ್ಟು ಹತ್ಕೊಂಡು ಹೋಗ್ಬಹುದು."

"ನನ್ನ ಸಮಾಧಾನಕ್ಕೆ ಹೇಳ್ಬೇಡ!" ಎಂದು ಆಕೆ ಚೀರಿದಳು. "ಗೆರೆ ಕೂಡಲ್ಲ ಅದು. ಕೂಡೋಕೆ ಸಾಧ್ಯವೇ ಇಲ್ಲ. ನಂಗೆ ಕಣ್ಣು ಕಾಣ್ತಿರಲಿಲ್ಲ!"

ಎಲ್ಲರೂ ತಿರುಗಿದರು. ಮಗಳು ಓಡಿಬಂದು ತೋಳು ಹಿಡಿದಳು. ಅಟ್ಟಣಿಗೆ ಕಟ್ಟುವ ಉದ್ದಣ್ಣ ಗುಂಪಿನಿಂದ ಈಚೆ ಬಂದ. ಕುಳ್ಳನಾದ್ದರಿಂದಲೇ ಅವನಿಗೆ ಆ ಹೆಸರು.

"ಭಾವಂಗೆ ಗೊತ್ತಿತ್ತು ಅಕ್ಕಾ," ಎಂದ ಅವನು ಮೆಲ್ಲಗೆ.

"ಏನು ಗೊತ್ತಿತ್ತು?"

"ನೀವು ಒಂದಿನ ಲೋಟ ಬಿಟ್ಟು ಮೇಜಿನ ಮೇಲೆ ನೀರು ಸುರಿದ್ರಂತೆ. ಆವತ್ತೇ ಬಂದು ನಂಗೆ ಹೇಳಿದ್ರು. ನೀವು ಗುರುತಿನ ಮೇಲೆ ನಿಂತಾಗ ನಾನು ನಿಮ್ಮ ಬೆನ್ನ ಹಿಂದೇನೇ ಕಲ್ಲಿನ ಮೇಲೆ ನಿಂತಿರ್ತಿದ್ದೆ. ನೀವು ಕೂಗ್ತಿದ್ರಿ, ನಾನು ಗೆರೆ ನೋಡಿ ಎಡಕ್ಕೋ ಬಲಕ್ಕೋ ಟವಲ್ ಆಡಿಸ್ತಿದ್ದೆ. ಅವರು ಟವಲ್ ನೋಡಿ ಬರೀತಿದ್ರು."

ಆಕೆಗೆ ಎದೆಯ ಮೇಲಿನ ಕಲ್ಲು ಇಳಿಯಿತೋ, ಇನ್ನೊಂದು ಬಂದು ಕೂತಿತೋ ತಿಳಿಯಲಿಲ್ಲ.

"ಮೋಸಗಾರ," ಎಂದಳು ವ್ಯಾನಿನ ಕಡೆ ತಿರುಗಿ. "ಎಂಟು ತಿಂಗಳು ಸುಮ್ಮನೆ ನನ್ನ ಗಂಟಲು ಹರಿಸಿದ್ಯಾ?"

"ಸುಮ್ಮನೆ ಅಲ್ಲ ಅಕ್ಕಾ. ನೀವು ಜ್ವರ ಅಂತ ಬರದಿದ್ದ ಎರಡು ದಿನ ನಾನೊಬ್ನೇ ಟವಲ್ ಹಿಡ್ಕೊಂಡು ನಿಂತೆ. ಭಾವ ಕುಂಚಾನೇ ಮುಟ್ಲಿಲ್ಲ. ಮೇಲೆ ಕೂತು ಬೀಡಿ ಸೇದಿದ್ರು ಅಷ್ಟೇ."

ಆಕೆ ಮಗಳ ಕೈ ಬಿಡಿಸಿಕೊಂಡು ಗುರುತಿನ ಹಿಂದೆ ಆಗಲೇ ಬೆಳೆದಿದ್ದ ಜನರ ಸಾಲಿನಲ್ಲಿ ಹೋಗಿ ನಿಂತಳು. ಮುಂದೆ ನಿಂತವರಿಗೆ ತಮ್ಮ ಸರದಿ ಬರುವ ತನಕ ತಾಳ್ಮೆಯಿರಲಿಲ್ಲ. ನಿಂತ ನಿಂತಲ್ಲೇ ಅಂಗೈಯಿಂದ ಒಂದು ಕಣ್ಣು ಮುಚ್ಚಿ ಕತ್ತು ಓರೆ ಮಾಡುತ್ತಿದ್ದರು. ಆಕೆಯೂ ಮುಚ್ಚಿದಳು.

ನಿಲ್ದಾಣದಿಂದ ಹೊರಟ ಬಸ್ಸೊಂದು ಆ ಸಾಲಿನ ಪಕ್ಕಕ್ಕೆ ಬಂತು. ಶವದ ವ್ಯಾನನ್ನೂ, ಕಣ್ಣಿಗೆ ಕೈ ಒತ್ತಿಕೊಂಡು ನಿಂತ ಅಷ್ಟೊಂದು ಜನರನ್ನೂ ನೋಡಿದ ಅದರ ಚಾಲಕ, ಪಾಪ, ಎಷ್ಟು ಅಳುತ್ತಿದ್ದಾರೆ ಎಂದುಕೊಂಡು, ಹಾರನ್ ಒತ್ತಲು ಹೋದ ಕೈಯನ್ನು ಹಿಂತೆಗೆದು ಬಸ್ಸನ್ನು ಸದ್ದಿಲ್ಲದೆ ದಾಟಿಸಿದ.