ಟೆಸ್ಟಮ್ಮ ಒಪ್ಪಿದ್ದಾಳೆ

ಸೋಮವಾರ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೋದಾಗ ಅವಳ ಸ್ಟೂಲು ಅಲ್ಲಿರಲಿಲ್ಲ.

ಹದಿನಾಲ್ಕು ವರ್ಷದಿಂದ ಅಕ್ಕ ಆ ಗೋದಾಮಿನಲ್ಲಿ ರಟ್ಟಿನ ಡಬ್ಬಗಳಿಗೆ ಟೇಪು ಹಚ್ಚುತ್ತಾಳೆ. ಮೊದಲ ಒಂಬತ್ತು ವರ್ಷ ನಿಂತೇ ಹಚ್ಚಿದಳು. ಬಲಗಾಲಿನ ಮಂಡಿ ಸವೆದಿದೆ ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ಒಂದು ಮರದ ಸ್ಟೂಲು ಸಿಕ್ಕಿತು. ಕಾಯಂ ಕೆಲಸಗಾರರಿಗೆ ಮಾತ್ರ ಅಂಥದ್ದು ಸಿಗುತ್ತಿತ್ತು. ಅದರ ಒಂದು ಕಾಲು ಗಿಡ್ಡ. ಅಕ್ಕ ಅದರಡಿಗೆ ರಟ್ಟಿನ ತುಂಡು ಮಡಚಿಟ್ಟು ಸರಿಮಾಡಿಕೊಂಡಿದ್ದಳು. ಸೋಮವಾರ ನೆಲದ ಮೇಲೆ ಆ ರಟ್ಟು ಮಾತ್ರ ಬಿದ್ದಿತ್ತು.

ಅಲ್ಲಿನ ಮೇಲ್ವಿಚಾರಕನಿಗೆ ಎಲ್ಲರೂ ಇಟ್ಟ ಹೆಸರು ಸೀಟಿ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ. ಅಕ್ಕ ಅವನನ್ನೇ ಕೇಳಿದಳು.

"ಸಾರ್, ನನ್ನ ಸ್ಟೂಲು?"

"ಸ್ಟೂಲು ಕಾಯಂನವರಿಗಮ್ಮ."

"ನಾನು ಕಾಯಂ ಅಲ್ವಾ?"

"ಶುಕ್ರವಾರದವರೆಗೂ ಇದ್ದೆ. ಈಗ ಕರೆದಾಗ ಬರೋರ ಪಟ್ಟೀಲಿದ್ದೀಯ. ಹಿಂದಿನ ದಿನ ಸಂಜೆ ಮೆಸೇಜ್ ಬಂದ್ರೆ ಬಾ, ಬರದಿದ್ರೆ ಬರಬೇಡ. ನೀನೇ ಒಪ್ಪಿಕೊಂಡಿದ್ದೀಯಲ್ಲ."

"ನಾನು ಯಾವತ್ತು ಒಪ್ಪಿದೆ?"

ಸೀಟಿ ಒಂದು ಕಾಗದ ತೆಗೆದು ಬೆರಳಿಟ್ಟು ತೋರಿಸಿದ. ಅಕ್ಕನ ಹೆಸರು. ಅದರ ಮುಂದೆ, 'ತೆರೆದಿದ್ದಾರೆ. ಮಂಗಳವಾರ ಮಧ್ಯಾಹ್ನ ಒಂದು ಗಂಟೆ ಹದಿನಾಲ್ಕು ನಿಮಿಷ.' ಕಂಪನಿ ಕಳಿಸಿದ ಇಮೇಲ್ ತೆರೆದು ಮೂರು ದಿನದೊಳಗೆ ಬರವಣಿಗೆಯಲ್ಲಿ ತಕರಾರು ಕೊಡದಿದ್ದರೆ ಹೊಸ ಕರಾರಿಗೆ ಒಪ್ಪಿದಂತೆ. ಹಾಗಂತ ಆ ಇಮೇಲ್‌ನ ಹನ್ನೆರಡನೆಯ ಪ್ಯಾರಾದಲ್ಲಿ ಬರೆದಿತ್ತಂತೆ.

ಆ ದಿನವೆಲ್ಲ ಅಕ್ಕ ನಿಂತೇ ಟೇಪು ಹಚ್ಚಿದಳು. ಸಂಜೆ ಮನೆಗೆ ಬಂದಾಗ ಮಂಡಿ ಊದಿಕೊಂಡಿತ್ತು. ಒದ್ದೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತು ಇದನ್ನೆಲ್ಲ ನನಗೆ ಹೇಳಿದಳು.

"ಇನ್ನೊಂದು ವಾರ ಹಿಂಗೆ ನಿಂತ್ರೆ ನನ್ನ ಕಥೆ ಮುಗೀತು ಕಣೇ. ಅವರಾಗಿ ತೆಗೆಯೋದೇ ಬೇಡ, ನಾನೇ ಬಿಟ್ಟು ಬರ್ತೀನಿ. ಅವರಿಗೂ ಅದೇ ಬೇಕಾಗಿರೋದು."

ನಾನು ತಟ್ಟೆ ತೊಳೆಯುತ್ತಿದ್ದೆ. 'ತೆರೆದಿದ್ದಾರೆ' ಎಂಬ ಮಾತು ಕಿವಿಗೆ ಬಿದ್ದಾಗಲೇ ಕೈ ನಿಂತಿತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ಹೇಗಿರುತ್ತದೆಯೋ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು. ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದಿಟ್ಟೆ.

ಏಕೆಂದರೆ ಅದು ನನ್ನ ಮಾತು. ನಮ್ಮ ಆಫೀಸಿನ ಮಾತು.

ನನ್ನ ಕೆಲಸ ಏನೆಂದು ಕೇಳಿದವರಿಗೆ ಕಂಪ್ಯೂಟರ್ ಕೆಲಸ ಎಂದಷ್ಟೇ ಹೇಳುತ್ತೇನೆ. ಚಪ್ಪಲಿ ಅಂಗಡಿಯ ಮೇಲೊಂದು ಕೋಣೆ, ಮೂರು ಕಂಪ್ಯೂಟರು, ಸದ್ದು ಮಾಡುವ ಒಂದು ಫ್ಯಾನು. ಗಿರಾಕಿಗಳು ಸಾವಿರಾರು ಜನರ ಇಮೇಲ್ ಪಟ್ಟಿ ಕೊಡುತ್ತಾರೆ. ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರಿಗೆ ನಾನು ಆ ಪಟ್ಟಿ ತುಂಬುತ್ತೇನೆ, ಮೇಲಿಗೆ ತಲೆಬರಹ ಕೊಡುತ್ತೇನೆ, ಒಂದೇ ಏಟಿಗೆ ಎಲ್ಲರಿಗೂ ಕಳಿಸುತ್ತೇನೆ. ಆಮೇಲೆ ಕಾಯುವುದು. ಪ್ರತಿ ಇಮೇಲ್‌ನ ಕೊನೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಯೊಂದು ಇರುತ್ತದೆ. ಯಾರಾದರೂ ಮೇಲ್ ತೆರೆದ ಕ್ಷಣ ಆ ಚುಕ್ಕಿ ನಮಗೆ ಚಾಡಿ ಹೇಳುತ್ತದೆ. ಯಾರು, ಯಾವಾಗ ಎಂದು ನನ್ನ ಪರದೆಯ ಮೇಲೆ ಬರುತ್ತದೆ. ಓದಿದರೋ ಇಲ್ಲವೋ ಆ ಚುಕ್ಕಿಗೆ ಗೊತ್ತಿಲ್ಲ. ತೆರೆದದ್ದಷ್ಟೇ ಗೊತ್ತು.

ನಮ್ಮ ಯಜಮಾನರನ್ನು ನಾನು ಮನಸ್ಸಿನಲ್ಲೇ ಶೇಕಡಾ ಸಾರ್ ಎಂದು ಕರೆಯುತ್ತೇನೆ. ಊಟ ಆಯಿತೇ ಎಂದು ಕೇಳಿದರೂ ಶೇಕಡಾ ಎಂಬತ್ತು ಆಯಿತು ಎನ್ನುವ ಆಸಾಮಿ. ಹಿಂದಿನ ವಾರ ಅವರೇ ಒಂದು ಪಟ್ಟಿ ತಂದರು. ಗಿರಾಕಿ ನಂಬರ್ ಹದಿನೇಳು, ನಾನೂರ ಹನ್ನೆರಡು ಜನ. ಒಳಗಿನ ಪತ್ರವನ್ನು ತಾವೇ ಅಂಟಿಸಿದ್ದರು.

"ಯಾವುದೋ ಕಂಪನಿಯ ಸಿಬ್ಬಂದಿ ಪತ್ರಮ್ಮ. ಒಳಗಿಂದು ನಮಗೆ ಬೇಡ. ನೂರಕ್ಕೆ ನೂರು ತೆರೀಬೇಕು, ಅಷ್ಟೇ."

ಯಾವ ಕಂಪನಿ ಎಂದು ನಾನು ಕೇಳಲಿಲ್ಲ. ಐದು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ. 'ನಿಮಗೊಂದು ಸಿಹಿಸುದ್ದಿ' ಎಂದು ತಲೆಬರಹ ಕೊಟ್ಟು ಸೋಮವಾರ ಕಳಿಸಿದೆ. ಮುನ್ನೂರ ಐವತ್ತೊಂದು ಜನ ತೆರೆದರು. ಅರವತ್ತೊಂದು ಜನ ಸೊಪ್ಪು ಹಾಕಲಿಲ್ಲ.

"ಇವರು ಸಿಹಿಸುದ್ದಿ ನಂಬೋ ಪೈಕಿ ಅಲ್ಲ ಸಾರ್," ಎಂದೆ.

"ಮತ್ತೆ ಏನು ನಂಬ್ತಾರೆ?"

ನಾನು ಹೆಚ್ಚು ಯೋಚಿಸಲೂ ಇಲ್ಲ. 'ನಿಮ್ಮ ರಜೆ ಅರ್ಜಿಯ ಬಗ್ಗೆ' ಎಂದು ಬರೆದೆ. ಪತ್ರದಲ್ಲಿ ಎಲ್ಲೋ ಒಂದು ಕಡೆ ರಜೆ ಎಂಬ ಪದ ಇದೆ, ಅಷ್ಟು ಸಾಕು ಎಂದರು ಸಾರ್. ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ, ಜನ ಊಟಕ್ಕೆ ಕೂತು ಮೊಬೈಲ್ ಹಿಡಿಯುವ ಹೊತ್ತು ನೋಡಿ, ಆ ಅರವತ್ತೊಂದು ಜನರಿಗೆ ಮತ್ತೆ ಕಳಿಸಿದೆ. ಸಂಜೆಯೊಳಗೆ ಎಲ್ಲರೂ ತೆರೆದಿದ್ದರು. ಸಾರ್ ಖುಷಿಯಾಗಿ ನನಗೆ ಟೀ ತರಿಸಿಕೊಟ್ಟರು. ನಾನು ಕುಡಿದೆ.

ದುಡಿಯುವವರು ಊಟ ಬಿಟ್ಟು ರಜೆಯ ಸುದ್ದಿ ನೋಡುತ್ತಾರೆ ಎಂದು ನನಗೆ ಹೇಗೆ ಗೊತ್ತಾಯಿತು? ಅಕ್ಕನನ್ನು ನೋಡಿಯೇ ಗೊತ್ತಾದದ್ದು. ಮಂಡಿ ತೋರಿಸಿಕೊಂಡು ಬರಲು ಎರಡು ದಿನ ರಜೆ ಕೇಳಿ ಅವಳು ತಿಂಗಳಿನಿಂದ ಕಾಯುತ್ತಿದ್ದಳು.

ಅಕ್ಕ ಸ್ಟೂಲಿನ ವಿಷಯ ಹೇಳಿದ ಮರುದಿನ ಆಫೀಸಿಗೆ ಹೋಗಿ ಹದಿನೇಳರ ಪಟ್ಟಿ ತೆಗೆದೆ. ಇನ್ನೂರ ಎಂಟನೆಯ ಸಾಲು. ಅಕ್ಕನಿಗೆ ನಾನೇ ಮಾಡಿಕೊಟ್ಟ ಇಮೇಲ್ ವಿಳಾಸ. ಒಂದು ಗಂಟೆ ಹದಿನಾಲ್ಕು ನಿಮಿಷ. ಪಟ್ಟಿ ಮುಚ್ಚಿ, ಹಾಸಿಗೆ ಅಂಗಡಿಯವರ ಮೇಲ್ ಮಾಡಲು ಕೂತೆ. ಆ ದಿನವೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ನನ್ನನ್ನು ನೀವು ಏನು ಬೇಕಾದರೂ ಅನ್ನಿ.

ಬುಧವಾರ ಸಂಜೆ ಅಕ್ಕ ಮಂಡಿಗೆ ಬಟ್ಟೆ ಸುತ್ತಿಕೊಳ್ಳುತ್ತ ಹೇಳಿದಳು.

"ಇವತ್ತು ಬೋರ್ಡಿಗೆ ಒಂದು ನೋಟೀಸ್ ಹಚ್ಚಿದ್ದಾರೆ. ಯಾರೋ ಒಬ್ಬಳು ಮೆಸೇಜ್ ಕಳಿಸಿದ್ರೂ ಮೂರು ದಿನದಿಂದ ಹೇಳದೆ ಕೇಳದೆ ಬಂದಿಲ್ವಂತೆ. ನಾಳೆ ಬರದಿದ್ರೆ ಕೆಲಸದಿಂದ ತೆಗೀತಾರಂತೆ."

"ಯಾರಂತೆ?"

"ಟೆಸ್ಟಮ್ಮ ಅಂತ. ನಾವ್ಯಾರೂ ಅವಳನ್ನ ನೋಡೇ ಇಲ್ಲ. ಹೊಸಬಳೇನೋ ಪಾಪ, ಮೈಗೆ ಹುಷಾರಿಲ್ವೋ ಏನೋ. ಮನೆ ಎಲ್ಲಿ ಅಂತ ಗೊತ್ತಿದ್ದಿದ್ರೆ ನಾನೇ ಹೋಗಿ ಹೇಳಿ ಬರ್ತಿದ್ದೆ, ನಾಳೆಯಾದ್ರೂ ಬಾರಮ್ಮ ಅಂತ."

ಊದಿದ ಮಂಡಿ ಇಟ್ಟುಕೊಂಡು ಅವಳು ಹುಡುಕಲು ಹೊರಟಿದ್ದದ್ದು ಟೆಸ್ಟಮ್ಮನ ಮನೆಯನ್ನು. ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ.

"ಅಕ್ಕಾ, ಟೆಸ್ಟಮ್ಮ ಅನ್ನೋಳು ಇಲ್ಲ. ಅವಳು ನಾನು ಮಾಡಿದ ಹೆಸರು."

ಎಲ್ಲ ಹೇಳಿದೆ. ಮೇಲ್ ಕಳಿಸುವ ಮೊದಲು ಪಟ್ಟಿಯ ಕೊನೆಯಲ್ಲಿ ಒಂದು ಸುಳ್ಳು ಹೆಸರು, ಆಫೀಸಿನದೇ ಒಂದು ವಿಳಾಸ ಸೇರಿಸಿ, ಎಲ್ಲ ಸರಿಯಾಗಿ ಬೀಳುತ್ತದೆಯೇ ಎಂದು ನೋಡುವುದು ನಮ್ಮ ಪದ್ಧತಿ. ಉಳಿದವರು ಬರೀ ಟೆಸ್ಟ್ ಎಂದು ಬರೆಯುತ್ತಾರೆ. ನಾನು ಟೆಸ್ಟಮ್ಮ ಎಂದು ಬರೆಯುತ್ತೇನೆ. 'ಆತ್ಮೀಯ ಟೆಸ್ಟಮ್ಮ ಅವರೇ' ಎಂದು ಪರದೆಯ ಮೇಲೆ ಬಂದಾಗ ನನಗೆ ನಗು ಬರುತ್ತದೆ. ಆ ಕೋಣೆಯಲ್ಲಿ ನಗಲು ಬೇರೇನೂ ಇಲ್ಲ. ನೋಡಿಯಾದ ಮೇಲೆ ಅವಳನ್ನು ಅಳಿಸಬೇಕು. ಆ ಸೋಮವಾರ ಸಾರ್ ಕುರ್ಚಿಯ ಹಿಂದೆಯೇ ನಿಂತು ಬೇಗ, ಬೇಗ ಎನ್ನುತ್ತಿದ್ದರು. ಅಳಿಸಲು ಮರೆತೆ. ಮೇಲ್ ತಲುಪಿತೇ ಎಂದು ನೋಡಲು ಅವಳ ಹೆಸರಿಗೆ ಬಂದದ್ದನ್ನು ನಾನೇ ತೆರೆದೆ. ಅಲ್ಲಿಗೆ ಟೆಸ್ಟಮ್ಮನೂ ಒಪ್ಪಿದಂತಾಯಿತು. ತೆರೆದವರ ವರದಿಯನ್ನೇ ಕಂಪನಿಯವರು ಕೆಲಸಗಾರರ ಪಟ್ಟಿ ಮಾಡಿಕೊಂಡಿರಬೇಕು, ಅದರಲ್ಲಿ ಅವಳು ನಾನೂರ ಹದಿಮೂರನೆಯವಳು.

ಅಕ್ಕ ಮಂಡಿಯ ಬಟ್ಟೆಯ ಗಂಟು ಬಿಗಿದಳು.

"ರಜೆ ಅಂತ ನೀನೇ ಬರೆದ್ಯಾ?"

"ಹೂಂ."

"ನಾನು ರಜೆ ಸಿಕ್ತು ಅಂದ್ಕೊಂಡೆ ಕಣೇ. ಊಟ ಅರ್ಧಕ್ಕೇ ಬಿಟ್ಟು ತೆರೆದೆ. ಉದ್ದಕ್ಕೆ ಏನೇನೋ ಇತ್ತು. ರಜೆ ಎಲ್ಲಿದೆ ಅಂತ ಹುಡುಕಿ ಹುಡುಕಿ, ಸೀಟಿ ಊದಿದ, ಎದ್ದು ಹೋದೆ."

"ಬೈಯಿ ಅಕ್ಕ."

"ಬೈದ್ರೆ ಸ್ಟೂಲು ಬರುತ್ತಾ?"

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದವಳೂ ಅವಳೇ. ನಾನು ಅವಳ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ. ಕೊನೆಗೆ ಅವಳೇ ಕೇಳಿದಳು.

"ಟೆಸ್ಟಮ್ಮ ತೆರೆದಿದ್ದಾಳೆ ಅಂತ ಕಾಗದದಲ್ಲಿ ಇದ್ಯಾ?"

"ಇದೆ. ದಿನ, ಹೊತ್ತು ಎಲ್ಲ ಇದೆ."

"ಅವಳು ಸುಳ್ಳು ಹೆಸರು ಅಂತ?"

"ಅದೂ ಸಾಫ್ಟ್‌ವೇರಲ್ಲೇ ಇದೆ. ಅವಳನ್ನ ಸೇರಿಸಿದ್ದು ನಾನು ಅಂತ ತೋರಿಸುತ್ತೆ."

"ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ತಗೊಂಡು ಬಾ," ಎಂದಳು.

ಗುರುವಾರ ನಾನು ಬಾಗಿಲು ದಾಟುವ ಮೊದಲೇ ಸಾರ್ ಶುರುಮಾಡಿದರು.

"ನಾನೂರ ಹನ್ನೆರಡು ಇದ್ದದ್ದು ನಾನೂರ ಹದಿಮೂರು ಹೆಂಗಮ್ಮ ಆಯ್ತು? ಆ ಕಂಪನಿಯವರು ಫೋನ್ ಮಾಡಿದ್ರು. ಯಾರದು ಟೆಸ್ಟಮ್ಮ?"

"ನಾನು ಸೇರಿಸಿದ ಹೆಸರು ಸಾರ್. ಅಳಿಸೋಕೆ ಮರೆತೆ."

"ಸರಿ, ಈಗ ಅಳಿಸು. ಹಳೆ ವರದಿ ತೆಗೆದುಹಾಕಿ ಹೊಸದು ಕಳಿಸು. ಎರಡು ನಿಮಿಷದ ಕೆಲಸ."

ಎರಡು ನಿಮಿಷದ ಕೆಲಸವೇ. ನಾನು ಸಾಫ್ಟ್‌ವೇರ್ ತೆರೆದೆ. ಕೊನೆಯ ಸಾಲಿಗೆ ಬಂದೆ. ಇರಲೇ ಇಲ್ಲದವಳನ್ನು ಅಳಿಸಲು ಬೆರಳು ಏಳಲಿಲ್ಲ. ಪ್ರಿಂಟ್ ಒತ್ತಿದೆ. ನಮ್ಮ ಪ್ರಿಂಟರು ಮೊದಲೇ ಗಲಾಟೆಯದು, ಇಡೀ ಕೋಣೆಗೆ ಕೇಳಿಸಿತು.

"ಏನದು?"

"ಟೆಸ್ಟಮ್ಮನ ಒಪ್ಪಿಗೆ ಸಾರ್."

"ಅದನ್ನ ಇಲ್ಲಿ ಕೊಡು."

ಕೊಡಲಿಲ್ಲ. ಹನ್ನೊಂದು ಹಾಳೆ. ಮಡಚಿ ಚೀಲಕ್ಕೆ ಹಾಕಿಕೊಂಡೆ. ಹೊಸಿಲು ದಾಟಿದರೆ ನಾಳೆ ಬರಬೇಡ ಎಂದರು. ಮೆಟ್ಟಿಲಿಳಿದು ಚಪ್ಪಲಿ ಅಂಗಡಿಯ ಮುಂದೆ ಹಾದು ಹೋದೆ. ಭಯ ಆಗಬೇಕಿತ್ತು, ಆಗಲಿಲ್ಲ.

ಗೋದಾಮಿನ ಗೇಟಿನೊಳಗೆ ದೊಡ್ಡ ಅಂಗಳ. ಊಟಕ್ಕೆ ಎಲ್ಲರೂ ಅಲ್ಲೇ ಕೂರುತ್ತಾರೆ. ಅಕ್ಕ ಬೆಳಿಗ್ಗೆಯೇ ಎಲ್ಲರ ಕಿವಿಗೂ ಹಾಕಿದ್ದಳು. ಹಾಳೆಗಳು ಕೈಯಿಂದ ಕೈಗೆ ಹೋದವು. ಒಬ್ಬೊಬ್ಬರೂ ಮೊದಲು ತಮ್ಮ ಹೆಸರು ನೋಡಿದರು, ಆಮೇಲೆ ಕೊನೆಯ ಸಾಲು ನೋಡಿದರು. ಕೆಲವರು ನನ್ನನ್ನೂ ನೋಡಿದರು. ಒಬ್ಬ ಹೆಂಗಸು, "ರಜೆ ಅಂತ ಬರೆದೋಳು ನೀನೇನಾ?" ಎಂದಳು. ಹೌದು ಎಂದೆ. ಅವಳು ಹಾಳೆಯನ್ನು ಪಕ್ಕದವಳಿಗೆ ದಾಟಿಸಿ ಮುಖ ತಿರುಗಿಸಿಕೊಂಡಳು. ಅದು ನನಗೆ ಸಲ್ಲಬೇಕಾದದ್ದೇ.

ಒಂದೂವರೆಗೆ ಸೀಟಿ ಊದಿದ. ಯಾರೂ ಏಳಲಿಲ್ಲ. ಮತ್ತೆ ಊದಿದ.

"ಏನ್ರಮ್ಮ, ಕಿವಿ ಕೇಳಲ್ವಾ?"

"ಇನ್ನೊಬ್ಬಳು ಬರಬೇಕು ಸಾರ್," ಎಂದಳು ಅಕ್ಕ.

"ಯಾರು?"

"ಟೆಸ್ಟಮ್ಮ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸೀಟಿಯ ಮುಖ ಕೆಂಪಾಯಿತು. "ಅದು ಕಂಪ್ಯೂಟರ್ ತಪ್ಪಂತೆ. ಆ ಹೆಸರು ಬಿಟ್ಟುಬಿಡಿ."

"ಹೆಂಗೆ ಬಿಡೋಕಾಗುತ್ತೆ ಸಾರ್? ಅವಳ ಮುಂದೆ ಏನು ಬರೆದಿದೆ? ತೆರೆದಿದ್ದಾರೆ ಅಂತ. ನನ್ನ ಮುಂದೆ ಏನು ಬರೆದಿದೆ? ಅದೇ. ಅವಳದು ತಪ್ಪಾದ್ರೆ ನನ್ನದು ಹೆಂಗೆ ಸರಿ?"

"ನನ್ನನ್ನ ಕೇಳಿದ್ರೆ? ನಾನು ಬರೆದಿದ್ದಾ?"

"ಅಲ್ಲ ಬಿಡಿ. ಟೆಸ್ಟಮ್ಮನ್ನ ಕರೆಸಿ. ಎಲ್ಲರೆದುರು, ನಾನು ಓದಿದೆ, ಒಪ್ಪಿದೆ ಅಂತ ಅವಳ ಬಾಯಲ್ಲೇ ಹೇಳಲಿ. ಅವಳು ಹೇಳಿದ್ರೆ ನಾವೂ ಎದ್ದು ಒಳಗೆ ಬರ್ತೀವಿ. ಅಲ್ಲೀವರೆಗೂ ಇಲ್ಲೇ ಕಾಯ್ತೀವಿ."

"ಹೌದು, ಕರೆಸಿ," ಎಂದಳು ನನ್ನಿಂದ ಮುಖ ತಿರುಗಿಸಿಕೊಂಡವಳು. "ನಾಲ್ಕು ದಿನದಿಂದ ಬಂದಿಲ್ಲ. ಏನಾಯ್ತೋ ಏನೋ."

ಸೀಟಿ ಒಳಗೆ ಹೋದ, ಹೊರಗೆ ಬಂದ, ಫೋನಿನಲ್ಲಿ ಯಾರಿಗೋ ಹೂಂ ಸಾರ್, ಹೂಂ ಸಾರ್ ಎಂದ. ಟೆಸ್ಟಮ್ಮ ಇದ್ದಾಳೆ ಎಂದರೆ ತೋರಿಸಬೇಕು. ಇಲ್ಲ ಎಂದರೆ ನಾನೂರ ಹನ್ನೆರಡು ಜನರ ಒಪ್ಪಿಗೆಯೂ ಇಲ್ಲ. ಅವನಿಗೂ ಅದು ಅರ್ಥವಾಗಿರಬೇಕು, ಬೆವರು ಒರೆಸಿಕೊಳ್ಳುತ್ತಿದ್ದ.

ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬಂತು. ಮೂರು ಗಂಟೆಯ ಹೊತ್ತಿಗೆ ಅಂಗಳದಲ್ಲಿದ್ದ ಮೊಬೈಲುಗಳೆಲ್ಲ ಒಟ್ಟಿಗೇ ಟಿಂಗ್ ಎಂದವು. ನನ್ನ ಐದು ವರ್ಷದ ಕೆಲಸದಲ್ಲಿ ಆ ಸದ್ದನ್ನು ನಾನು ಕೇಳಿರಲಿಲ್ಲ. ಕಳಿಸುವ ಕಡೆ ಸದ್ದಿರುವುದಿಲ್ಲ.

ಅಕ್ಕ ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ಮೇಲ್ ತೆರೆಯದೆಯೇ ಮೊದಲ ಸಾಲು ಕಾಣುತ್ತಿತ್ತು. 'ಆತ್ಮೀಯ ಹೆಸರು ಅವರೇ, ತಕ್ಷಣ ಕೆಲಸಕ್ಕೆ ಹಾಜರಾಗಿ.'

"ಇದ್ಯಾರೇ ಹೆಸರು?"

"ಯಾರೂ ಅಲ್ಲ ಅಕ್ಕ. ಒಬ್ಬೊಬ್ಬರ ಹೆಸರೂ ಅಲ್ಲಿ ತಾನಾಗೇ ಬೀಳೋ ಹಾಗೆ ಮಾಡಬೇಕು. ಸಾರ್‌ಗೆ ಅದು ಬರಲ್ಲ. ಅವರೇ ಕಳಿಸಿದ್ದಾರೆ."

"ತೆರೆದ್ರೆ ಏನಾಗುತ್ತೆ?"

"ತೆರೆದಿದ್ದಾರೆ ಅಂತ ಬೀಳುತ್ತೆ."

ಅಕ್ಕ ಹಿಂದೆ ತಿರುಗಿ, ಯಾರೂ ತೆರೀಬೇಡಿ ಎಂದಳು. ಮಾತು ಸಾಲಿನಿಂದ ಸಾಲಿಗೆ ಗೇಟಿನವರೆಗೂ ಹೋಯಿತು. ಮೊಬೈಲುಗಳು ಒಂದೊಂದಾಗಿ ನೆಲದ ಮೇಲೆ ಬೋರಲು ಬಿದ್ದವು. ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಶೇಕಡಾ ಸಾರ್ ಪರದೆಯ ಮುಂದೆ ಕೂತು, ಸೊನ್ನೆ ಒಂದಾಗುವುದನ್ನು ಕಾಯುತ್ತಿರುತ್ತಾರೆ ಎಂದು ನನಗೆ ಗೊತ್ತಿತ್ತು.

ಸೀಟಿ ಇನ್ನೊಮ್ಮೆ ಊದಿದ. ಅಕ್ಕ ಬಲಗಾಲು ಚಾಚಿ, ಮಂಡಿಯ ಕೆಳಗೆ ಹಳೆಯ ರಟ್ಟಿನ ತುಂಡು ಇಟ್ಟುಕೊಂಡು, ಕೂತೇ ಇದ್ದಳು.