ಪಾಲಿಶಣ್ಣನ ಕೈಗೆ ಸಿಕ್ಕ ಜಡೆ

ಬಣ್ಣ ಹೋದ ಕಪಾಟು, ಗೀರು ಬಿದ್ದ ಮೇಜು, ಯಾರೋ ಪುಣ್ಯಾತ್ಮರು ಬಿಸಿ ಪಾತ್ರೆ ಇಟ್ಟು ಬಿಳಿ ಬಳೆ ಮೂಡಿಸಿದ ಟೀಪಾಯಿ, ಏನನ್ನೇ ತಂದುಕೊಡಿ, ಪಾಲಿಶಣ್ಣ ಅದರಲ್ಲಿ ಮುಖ ನೋಡಿಕೊಳ್ಳುವ ಹಾಗೆ ಮಾಡಿ ಕಳಿಸುತ್ತಿದ್ದ. ಬೀದಿಯವರು ಅವನ ನಿಜವಾದ ಹೆಸರು ಮರೆತು ಎಷ್ಟೋ ಕಾಲವಾಗಿತ್ತು. ಕೆಲಸದಲ್ಲಿ ಗಟ್ಟಿಗ, ಜಂಭದಲ್ಲೂ ಏನೂ ಕಡಿಮೆ ಇರಲಿಲ್ಲ. ಡಬ್ಬದ ಮೇಲಿನ ಬರಹ ಓದಿ ಕೆಲಸ ಮಾಡುವವರನ್ನು ಕಂಡರೆ ಅವನಿಗೆ ನಗು. ಮೂಸಿದರೆ ಗೊತ್ತಾಗಬೇಕು, ಬೆರಳ ಮಧ್ಯೆ ತಿಕ್ಕಿದರೆ ಗೊತ್ತಾಗಬೇಕು, ಓದುವುದು ಹೊಸಬರ ಪಾಡು ಎನ್ನುತ್ತಿದ್ದ. ಇಂಥವನ ಕೈಗೆ ಮಗಳ ಜಡೆ ಸಿಕ್ಕಿತು.

ಸಿಕ್ಕಿದ್ದು ಹೀಗೆ. ಅವನ ಹೆಂಡತಿ ನರ್ಸು. ಸಮುದ್ರದ ದಂಡೆಯ ಊರೊಂದರ ದೊಡ್ಡ ಆಸ್ಪತ್ರೆಯಲ್ಲಿ ಅವಳಿಗೆ ಕೆಲವು ತಿಂಗಳ ತರಬೇತಿ ಬಂತು. ಮಗಳು ಗಿಣಿ ಇನ್ನೂ ಪ್ರೈಮರಿ ಶಾಲೆ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುವುದರಿಂದ ಆ ಹೆಸರು. ಕೂದಲು ಸೊಂಟ ದಾಟಿತ್ತು. ಅದಕ್ಕೆ ಎಣ್ಣೆ ಹಚ್ಚುವುದು, ತೊಳೆಯುವುದು, ಹೆಣೆಯುವುದು ಎಲ್ಲ ಅಲ್ಲಿಯವರೆಗೆ ತಾಯಿಯದೇ.

"ಹೆಗಲವರೆಗೆ ಕತ್ತರಿಸಿಬಿಡೋಣ ಕಣ್ರೀ. ನೀವೊಬ್ರೇ ಹೇಗೆ ನೋಡ್ಕೋತೀರಿ?" ಎಂದಳು ಹೆಂಡತಿ.

ಗಿಣಿಯ ಮಾತು ನಿಂತುಹೋಯಿತು. ಆ ಮನೆಯಲ್ಲಿ ಅಂಥ ಮೌನ ಯಾರೂ ಕೇಳಿರಲಿಲ್ಲ. ಪಾಲಿಶಣ್ಣನಿಗೆ ಕರುಳು ಚುರುಕ್ಕೆಂದಿತು.

"ನಾನಿಲ್ವಾ? ತೇಗದ ಬಾಗಿಲನ್ನೇ ಹೊಳೆಸೋನಿಗೆ ಒಂದು ಜಡೆ ಏನು ಮಹಾ" ಎಂದ.

"ಸರಿ. ರಜೆಗೆ ಇಬ್ರೂ ಅಲ್ಲಿಗೆ ಬರ್ತೀರಲ್ಲ, ಆಗ ನೋಡ್ತೀನಿ. ಹಾಳಾಗಿದ್ರೆ ಅವತ್ತೇ ಕತ್ತರಿ."

ಗಿಣಿ ಅಪ್ಪನ ಕೈ ಹಿಡಿದು ಮಾತು ತೆಗೆದುಕೊಂಡಳು. ಅವನೂ ಎದೆಯುಬ್ಬಿಸಿ ಕೊಟ್ಟ.

ಹೊರಡುವ ದಿನ ಹೆಂಡತಿ ಬಚ್ಚಲುಮನೆಯ ಗೂಡಿನಲ್ಲಿ ಎರಡು ಬಾಟಲಿ ಇಟ್ಟು ಪಾಠ ಹೇಳಿದಳು. ಶಾಂಪೂ ಬುಡಕ್ಕೆ, ಕಂಡೀಶನರ್ ತುದಿಗೆ, ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು, ಒದ್ದೆ ಕೂದಲನ್ನು ಟವೆಲಿನಿಂದ ಉಜ್ಜಬಾರದು, ಬಾಚುವುದು ತುದಿಯಿಂದ ಶುರುಮಾಡಿ ಮೇಲಕ್ಕೆ. ಕಂಡೀಶನರನ್ನು ಆಮೇಲೆ ತೊಳೆಯಬೇಕು ಎಂದು ಮಾತ್ರ ಹೇಳಲಿಲ್ಲ. ಅಕ್ಕಿ ಬೇಯಿಸುವಾಗ ಒಲೆ ಹಚ್ಚು ಎಂದು ಯಾರಾದರೂ ಹೇಳಿಕೊಡುತ್ತಾರೆಯೇ?

ಪಾಲಿಶಣ್ಣ ಬಾಟಲಿಯ ಮುಚ್ಚಳ ತೆಗೆದು ಮೂಸಿದ. ಒಂದು ಹನಿ ಬೆರಳ ಮಧ್ಯೆ ತಿಕ್ಕಿದ. ಮೇಣದ ಜಾತಿ ಎಂದು ತೀರ್ಮಾನಿಸಿದ. ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು. ಶಾಂಪೂ ಎಂದರೆ ಮರಳು ಕಾಗದ, ಕೊಳೆ ತೆಗೆಯುವುದಕ್ಕೆ. ಕಂಡೀಶನರ್ ಎಂದರೆ ಕೊನೆಯ ಕೋಟು, ಹೊಳಪಿಗೆ. ಕೊನೆಯ ಕೋಟು ಹೊಡೆದು ಅದನ್ನು ತೊಳೆಯುವ ಮೂರ್ಖ ಈ ಭೂಮಿಯ ಮೇಲೆ ಹುಟ್ಟಿಲ್ಲ.

ಮೊದಮೊದಲು ಕೆಟ್ಟದ್ದೇನೂ ಆಗಲಿಲ್ಲ. ಶಾಂಪೂ ಹಾಕಿದ ದಿನ ಹಳೆಯದೆಲ್ಲ ಹೋಗುತ್ತಿತ್ತು, ಹೊಸ ಕೋಟು ಕೂರುತ್ತಿತ್ತು, ಜಡೆ ಮಿಂಚುತ್ತಿತ್ತು. ಶಾಲೆಯ ಟೀಚರೇ ಒಂದು ದಿನ ಹಿಡಿದು ನೋಡಿ ಯಾವ ಎಣ್ಣೆ ಎಂದು ಕೇಳಿದರಂತೆ. ಗಿಣಿ ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಪಾಲಿಶಣ್ಣನಿಗೆ ಹಸಿವೇ ಮರೆತುಹೋಯಿತು.

ರಜೆ ಹತ್ತಿರ ಬಂದಾಗ ಕೆಟ್ಟಿತು. ಹೆಂಡತಿ ಬೆರಗಾಗಬೇಕು ಎಂಬ ಆಸೆ ಅವನ ತಲೆ ಕೆಡಿಸಿತು. ಮುಗಿದ ಕೆಲಸದ ಮೇಲೆ ಯಾರಾದರೂ ಮರಳು ಕಾಗದ ಎಳೆಯುತ್ತಾರೆಯೇ ಎಂದು ಶಾಂಪೂ ನಿಲ್ಲಿಸಿಬಿಟ್ಟ. ದಿನಾ ಬೆಳಗ್ಗೆ ಬರೀ ಕೋಟು, ಕೋಟಿನ ಮೇಲೆ ಕೋಟು, ಹತ್ತಿಬಟ್ಟೆಯಿಂದ ಮೆಲ್ಲನೆ ಒರೆಸುವುದು ಬೇರೆ.

"ಅಪ್ಪಾ, ತಲೆ ಭಾರ ಆಗ್ತಿದೆ" ಎಂದಳು ಗಿಣಿ.

"ಬುದ್ಧಿ ಬೆಳೀತಿದೆ, ಹಾಗೇ ಇರು."

ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ. ಅದನ್ನು ಅವನಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಸಮುದ್ರದ ಊರು ತಲುಪಿದ್ದು ಮಧ್ಯಾಹ್ನ. ಹೆಂಡತಿ ಡ್ಯೂಟಿ ಮುಗಿಸಿ ಸಂಜೆ ಲಾಡ್ಜಿಗೆ ಬರುವವಳಿದ್ದಳು. ಬಸ್ಸಿನ ಕಿಟಕಿಯ ಧೂಳೆಲ್ಲ ಆಗಲೇ ಜಡೆಗೆ ಅಂಟಿತ್ತು. ಗಿಣಿಗೆ ಅದರ ಗೊಡವೆಯಿಲ್ಲ. ಸಮುದ್ರ ನೋಡಿದ್ದೇ ಚಪ್ಪಲಿ ಬಿಟ್ಟು ಓಡಿದಳು. ಒಂದು ಅಲೆ ಅವಳನ್ನು ಎತ್ತಿತು, ಇನ್ನೊಂದು ಉರುಳಿಸಿತು, ಮೂರನೆಯದು ದಂಡೆಗೆ ತಂದು ಹಾಕಿತು. ನಗುತ್ತ ಎದ್ದಳು. ಹಿಂದೆ ಜಡೆ ಬಿಚ್ಚಿಹೋಗಿತ್ತು, ದಂಡೆಯ ಅರ್ಧ ಮರಳು ಅದರೊಳಗಿತ್ತು.

ಕೋಣೆಗೆ ಬಂದು ಪಾಲಿಶಣ್ಣ ಬಾಚಣಿಗೆ ಹಾಕಿದ. ಬಾಚಣಿಗೆಯ ಹಲ್ಲು ಟಕ್ಕೆಂದು ಮುರಿಯಿತು. ಕೂದಲು ನೆನೆದ ಹುರಿಹಗ್ಗವಾಗಿತ್ತು. ಉಪ್ಪು, ಮರಳು, ಮೇಣ ಸೇರಿ ಎಲ್ಲಿ ಹಿಡಿದರೂ ಗಂಟು.

"ಅಮ್ಮ ಕತ್ತರಿ ತಂದಿರ್ತಾಳಾ?" ಎಂದು ಗಿಣಿ ಸಣ್ಣ ದನಿಯಲ್ಲಿ ಕೇಳಿದಳು.

ಅವನಿಗೆ ಕೈಕಾಲೇ ಆಡಲಿಲ್ಲ. ಸುಮ್ಮನಿರಲಾರದ ಗಿಣಿ ಕಂಡೀಶನರ್ ಬಾಟಲಿ ಎತ್ತಿಕೊಂಡು, ಶಾಲೆಯಲ್ಲಿ ಪದ್ಯ ಓದುವ ದನಿಯಲ್ಲಿ ಅದರ ಹಿಂಬದಿಯನ್ನು ಓದತೊಡಗಿದಳು. "ಕೂದಲಿನ ತುದಿಗೆ ಹಚ್ಚಿ. ಎರಡು ನಿಮಿಷ ಬಿಡಿ. ನೀರಿನಿಂದ ಚೆನ್ನಾಗಿ ತೊಳೆಯಿರಿ."

"ಏನಂದೆ?"

"ತೊಳೆಯಿರಿ. ಚೆನ್ನಾಗಿ."

ಇಂಗು ತಿಂದ ಮಂಗ ಹೇಗಿರುತ್ತದೆಂದು ನೋಡಬೇಕಿದ್ದವರು ಆಗ ಆ ಕೋಣೆಗೆ ಬರಬೇಕಿತ್ತು. ಗಿಣಿ ಅವನ ಮುಖ ನೋಡಿ ಕಿಸಕ್ಕನೆ ನಕ್ಕಳು. ತಡೆದುಕೊಳ್ಳಲು ಹೋಗಿ ಅವನಿಗೂ ನಗು ಬಂತು. ಅಪ್ಪ ಮಗಳು ಮಂಚದ ಮೇಲೆ ಬಿದ್ದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಕ್ಕಮೇಲೆ ಕೈ ತಾನಾಗಿ ಚುರುಕಾಯಿತು. ಹಳೆಯ ಪಾಲಿಶ್ ಕೀಳುವುದು ಅವನಿಗೇನು ಹೊಸದೇ? ಅಲ್ಲಿ ಬಲ ನಡೆಯುವುದಿಲ್ಲ. ಮೊದಲು ಮೆತ್ತಗಾಗಿಸಬೇಕು, ಕಾಯಬೇಕು, ಅಂಗೈಯಷ್ಟು ಜಾಗ ಮುಗಿಸಿ ಮುಂದಿನದಕ್ಕೆ ಹೋಗಬೇಕು. ಬಚ್ಚಲಿನಲ್ಲಿ ಗಿಣಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಮರಳು ಹೋಗುವ ತನಕ ಬರೀ ನೀರು ಸುರಿದ. ಆಮೇಲೆ ಬುಡಕ್ಕೆ ಶಾಂಪೂ, ಮತ್ತೆ ನೀರು, ಮತ್ತೊಮ್ಮೆ ಶಾಂಪೂ. ಕೊನೆಗೆ ತುದಿಗೆ ಕಂಡೀಶನರ್ ಹಚ್ಚಿ, ಅದು ಜಾರುತ್ತಿರುವಾಗಲೇ ಬೆರಳಿನಿಂದ ಒಂದೊಂದೇ ಗಂಟು ಬಿಡಿಸಿದ. ತುದಿಯ ಗಂಟು ಬಿಟ್ಟರೆ ಅದರ ಮೇಲಿನದು, ಅದು ಬಿಟ್ಟರೆ ಇನ್ನೂ ಮೇಲಿನದು. ಗಿಣಿ ಅಷ್ಟು ಹೊತ್ತೂ ಅಲೆಗಳ ಕಥೆ ಹೇಳುತ್ತಿದ್ದಳು, ಪ್ರತಿ ಸಲಕ್ಕೂ ಅಲೆ ಒಂದು ಆಳು ಎತ್ತರ ಬೆಳೆಯುತ್ತಿತ್ತು. ಇದೆಲ್ಲ ಆದಮೇಲೆ ಅವನು ತೊಳೆದ, ಚೆನ್ನಾಗಿಯೇ ತೊಳೆದ. ಟವೆಲಿನ ಬದಲು, ಹೆಗಲ ಮೇಲೆ ಹಾಕಿಕೊಂಡಿದ್ದ ತನ್ನ ಮೆತ್ತನೆಯ ಅಂಗಿ ತೆಗೆದು ಒತ್ತಿ ಒತ್ತಿ ನೀರು ಹೀರಿಸಿದ.

"ಅಮ್ಮನಿಗೆ ನಾನೇ ಹೇಳ್ತೀನಿ" ಎಂದ. "ತಪ್ಪು ನಂದು, ಕೂದಲದ್ದಲ್ಲ. ಕತ್ತರಿಸಲೇಬೇಕು ಅಂದ್ರೆ ನನ್ನ ಮೀಸೆ ಕತ್ತರಿಸಲಿ."

"ಆ ಮೀಸೆ ಇಟ್ಕೊಂಡು ನಾನೇನು ಮಾಡ್ಲಿ?"

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಯೂನಿಫಾರ್ಮಿನಲ್ಲೇ ಬಂದಿದ್ದಳು, ಯಾವಾಗಿನಿಂದ ನಿಂತಿದ್ದಳೋ. ಗಿಣಿ ಒದ್ದೆ ತಲೆಯಲ್ಲೇ ಹೋಗಿ ಅವಳನ್ನು ಅಪ್ಪಿಕೊಂಡಳು. ಪಾಲಿಶಣ್ಣ ಏನನ್ನೂ ಮುಚ್ಚಿಡದೆ, ಮರಳು ಕಾಗದದಿಂದ ಹಿಡಿದು ಕೊನೆಯ ಕೋಟಿನವರೆಗೆ ಎಲ್ಲ ಒಪ್ಪಿಸಿದ. ಹೆಂಡತಿ ನಗಲಿಲ್ಲ. ಮಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕೂದಲೊಳಗೆ ಬೆರಳು ಬಿಟ್ಟು ಬುಡದಿಂದ ತುದಿಯವರೆಗೆ ಇಳಿಸಿದಳು. ಬೆರಳು ಎಲ್ಲೂ ತಡೆಯಲಿಲ್ಲ.

"ಅಮ್ಮಾ, ಕತ್ತರಿ?"

"ಕತ್ತರಿ ಯಾಕೆ? ನನ್ನ ಕೈಲೂ ಇಷ್ಟು ನುಣುಪಾಗಿರಲಿಲ್ಲ. ನಾಳೆ ಮಾತ್ರ ನೀರಿಗಿಳಿಯೋ ಮುಂಚೆ ಒಳ್ಳೆ ನೀರಲ್ಲಿ ತಲೆ ನೆನೆಸಿ, ಎಣ್ಣೆ ಸವರಿ, ಬಿಗಿಯಾಗಿ ಹೆಣೀಬೇಕು. ಉಪ್ಪು ಅಷ್ಟಾಗಿ ಹಿಡಿಯಲ್ಲ."

ಗಿಣಿ ಮಂಚ ಹತ್ತಿ ಕುಣಿದಳು. ಪಾಲಿಶಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹೆಂಡತಿ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತನ್ನ ತುರುಬು ಬಿಚ್ಚಿದಳು. ತರಬೇತಿಯ ಹಾಸ್ಟೆಲಿನ ಗಡಸು ನೀರಿಗೆ ಕೂದಲು ಒಣಗಿ ತೆಂಗಿನ ನಾರಿನಂತಾಗಿತ್ತು. ಅವಳು ಬಚ್ಚಲಿಗೆ ಹೋಗಿ ಆ ಸ್ಟೂಲಿನ ಮೇಲೆ ಅವನಿಗೆ ಬೆನ್ನು ಮಾಡಿ ಕುಳಿತಳು.

"ನಂದೂ ಸ್ವಲ್ಪ ನೋಡ್ರೀ. ದಿನಾ ಇಡೀ ವಾರ್ಡಿನವರ ತಲೆ ಬಾಚ್ತೀನಿ, ನಂದು ಯಾರೂ ಮುಟ್ಟಿಲ್ಲ."

ಊರಿನ ಮರವನ್ನೆಲ್ಲ ಸವರಿದ ಆ ಕೈ ಮದುವೆಯಾದಾಗಿನಿಂದ ಒಂದು ದಿನವೂ ಹೆಂಡತಿಯ ತಲೆ ಬಾಚಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಪ್ರೀತಿ ಬಂತು. ನೀರು ಬೆಚ್ಚಗಿದೆಯೇ ಎಂದು ಮೊದಲು ತನ್ನ ಕೈಗೆ ಸುರಿದು ನೋಡಿಕೊಂಡ. ಅವಳು ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ, ಅವನ ಅಂಗೈಗೆ ಒರಗಿಸಿದಳು. ತೊಳೆದು, ಕಂಡೀಶನರ್ ಹಚ್ಚಿ, ಅವನು ತುದಿಯಿಂದ ಗಂಟು ಬಿಡಿಸತೊಡಗಿದ.

"ಇಷ್ಟು ವರ್ಷ ನಾನ್ಯಾಕೆ ಕೇಳಲೇ ಇಲ್ಲ?" ಎಂದಳು.

"ಕೇಳದೇ ಇದ್ದಿದ್ದೇ ಒಳ್ಳೇದಾಯ್ತು. ಇಷ್ಟೊತ್ತಿಗೆ ನಿನ್ನ ತಲೇಲಿ ಮುಖ ನೋಡ್ಕೋಬಹುದಾಗಿತ್ತು."

ಅಲ್ಲಿಯವರೆಗೆ ತಡೆದಿದ್ದ ನಗು ಅವಳಿಗೆ ಒಮ್ಮೆಲೇ ಬಂತು. ಭುಜ ಕುಲುಕಿತು, ನೀರು ಎಲ್ಲೆಡೆ ಚೆಲ್ಲಿತು.

"ಅಲ್ಲಾಡಬೇಡ ಕಣೆ" ಎಂದ ಪಾಲಿಶಣ್ಣ, "ಇನ್ನೂ ತುದಿಯಲ್ಲೇ ಇದೀನಿ."