ಸರ್ವರಿಗೆ ಪೂಜೆ ಮಾಡಿಸಿದ್ದು

ಇಂಡಿ ಊರಿನ ಭಾಗ್ಯಾ ಓದಿದ್ದು ಬಿಸಿಎ, ಮಾಡುತ್ತಿದ್ದದ್ದು ಪಹಣಿಯ ಝೆರಾಕ್ಸ್. ಹಾಗಾಗಿ ಬೇಳೆ ಗಿರಣಿಯ ಬಸಂತರಾಯ ಸಾವಕಾರರು ಕರೆಸಿದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆ ಅವರ ತೊಗರಿ ಖರೀದಿ ಅಂಗಡಿ. ದಿನದ ದರವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅದು ಅಂಗಡಿಗಿಂತ ಮೊದಲು ಎದುರಾಳಿ ಫಕ್ರುದ್ದೀನ ಸಾವಕಾರರಿಗೆ ಮುಟ್ಟುತ್ತಿತ್ತು.

“ಫೈಲ್ ಕಳಸಾಕ ಎಸ್‌ಎಫ್‌ಟಿಪಿ ಸರ್ವರ್ ಹಾಕೂಣ್ರಿ,” ಎಂದಳು ಭಾಗ್ಯಾ. “ಫೈಲ್ ಎಷ್ಟ ದೊಡ್ಡದಿದ್ರೂ ಹೋಗ್ತೈತಿ. ನಡುವ ಕರೆಂಟ್ ಹೋದ್ರ ನಿಂತಲ್ಲಿಂದನ ಮತ್ತ ಸುರು. ದಾರ್ಯಾಗ ಯಾರೂ ಇಣಕಿ ನೋಡಾಕ ಆಗೂದಿಲ್ಲ. ಪಾಸ್‌ವರ್ಡ್ ಇದ್ದಾರಿಗಷ್ಟ ಬಾಗ್ಲಾ ತಗೀತೈತಿ.”

“ಒಂದ್ ವಾರ ದರ ಹೊರಗ ಹೋಗಲಿಲ್ಲಂದ್ರ ವರ್ಷದ ಕೆಲಸ ನಿನಗ,” ಎಂದರು ಸಾವಕಾರರು.

ಸೋಮವಾರ ಬೆಳಿಗ್ಗೆ ಭಾಗ್ಯಾ ದರದ ಫೈಲ್ ಏರಿಸಿದಳು. ನಾಲ್ಕೂ ಅಂಗಡಿಗೆ ಇಳಿದದ್ದನ್ನು ಖಾತ್ರಿ ಮಾಡಿಕೊಂಡು ಗಿರಣಿಗೆ ಹೋದರೆ, ಅಲ್ಲಿ ಪೆಂಡಾಲು! ನಮ್ಮ ಕಡೆ ಬೋರು ಕೊರೆಸಿದರೂ ಪೂಜೆ, ಟ್ರ್ಯಾಕ್ಟರು ತಂದರೂ ಪೂಜೆ. ಸರ್ವರ್ ಏನು ಪಾಪ ಮಾಡಿತ್ತು? ಕಾಯಿ ಒಡೆದಾಗಿತ್ತು. ವ್ಯಾಪಾರದ ಮರ್ಯಾದೆಯೆಂದು ಫಕ್ರುದ್ದೀನರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹಿಂದೆ ಹತ್ತಡಿ ಬ್ಯಾನರು: ಬಸಂತರಾಯರ ಫೋಟೊ, ಕೆಳಗೆ ಸರ್ವರಿನ ವಿಳಾಸ, ಅದರ ಕೆಳಗೆ ಕೆಂಪಕ್ಷರದಲ್ಲಿ ಪಾಸ್‌ವರ್ಡು.

ಭಾಗ್ಯಾ ಸಾವಕಾರರ ಹತ್ತಿರ ಓಡಿದಳು. “ಅಯ್ಯಯ್ಯ, ಇದನ್ಯಾಕ ಹಾಕ್ಸೀರ್ರಿ?”

“ವಿಳಾಸ ಕೊಟ್ಟು ಕೀಲಿ ಕೊಡ್ಲಿಲ್ಲಂದ್ರ ಬಂದ ಮಂದಿ ಏನಂದಾರು?”

ನಿಂತಲ್ಲೇ ಮೊಬೈಲಿನಿಂದ ಪಾಸ್‌ವರ್ಡ್ ಬದಲಿಸಿದಳು. ಏನು ಉಪಯೋಗ? ಅಷ್ಟರಲ್ಲಿ ಫಕ್ರುದ್ದೀನರ ಅಂಗಡಿಗಳಲ್ಲಿ ಕ್ವಿಂಟಲಿಗೆ ಇಪ್ಪತ್ತು ರೂಪಾಯಿ ಹೆಚ್ಚು ಕೂಗಿಯಾಗಿತ್ತು. ತೊಗರಿ ಹೇರಿದ ಟಂಟಂಗಳು ಆ ಕಡೆ ತಿರುಗಿದ್ದವು.

“ನಿನ್ನ ಸರ್ವರ್ ಸೋರ್ತೈತಿ,” ಎಂದ ಬಸಂತರಾಯರು ಪ್ರಸಾದ ಕೊಟ್ಟು, ಕೆಲಸ ಕಿತ್ತುಕೊಂಡು ಕಳಿಸಿದರು. ಅವಳು ಬ್ಯಾನರಿನ ಕಡೆ ಕೈ ತೋರಿಸಿದರೆ, ಫೋಟೊ ಛಲೋ ಬಂದೈತಿ ಎಂದರು. ಎಂಥ ಸಿಟ್ಟು ಬಂತು ಭಾಗ್ಯಾಳಿಗೆ!

ಗೇಟಿನಲ್ಲಿ ಫಕ್ರುದ್ದೀನರು ನಿಂತಿದ್ದರು. “ಭಾರಿ ಐತವಾ ನಿನ್ನ ಸರ್ವರ್! ಕಣ್ಣ ಮುಚ್ಚಿ ತಗ್ಯೂದ್ರಾಗ ಫೈಲ್ ಇಳೀತು. ನನಗೂ ಒಂದ್ ಹಾಕ್ಕೊಡು, ವರ್ಷದ ಕೆಲಸ ನಿನಗನ.”

ಭಾಗ್ಯಾಳಿಗೆ ಹೋದ ಜೀವ ಬಂದಂತಾಯಿತು. “ಮಾಡ್ತೇನ್ರಿ. ಆದ್ರ ಪಾಸ್‌ವರ್ಡ್ ಮಾತ್ರ ಯಾರಿಗೂ ತೋರಸಬ್ಯಾಡ್ರಿ.”

“ಅಷ್ಟೂ ತಿಳೀದಿಲ್ಲೇನವಾ ನನಗ? ಬ್ಯಾನರ್ ಗೀನರ್ ಏನಿಲ್ಲ. ಪಾಸ್‌ವರ್ಡಿಗೆ ನನ್ನ ಹೆಸರ ಇಟ್ಟಬಿಡು. ನನ್ನ ಎಲ್ಲಾ ಅಂಗಡಿ ಬೋರ್ಡ್ ಮ್ಯಾಲ ಐತಿ. ಹುಡುಗೂರು ಮರ್ತ್ರ ತಲಿ ಎತ್ತಿ ನೋಡ್ಕೋತಾರ.”

ಭಾಗ್ಯಾಳಿಗೆ ಅಳುವೂ ಬಂತು, ನಗುವೂ ಬಂತು. ಕೆಲಸವಂತೂ ಬೇಕಾಗಿತ್ತು.

“ಆಗ್ಲಿರಿ ಸಾವಕಾರ್ರ,” ಎಂದಳು. “ನಾಳಿ ಎಷ್ಟಕ್ಕ ಬರ್ಲಿರಿ?”